ಮುರುಗಲು ಸಿರಪ್‌ಗೆ ಸೋಡಿಯಂ ಬೆಂಜೋಯೇಟ್: ಮಿತಿ 5 ಮಿಲಿಗ್ರಾಮೋ, 20 ಮಿಲಿಗ್ರಾಮೋ?

ಪ್ರಶ್ನೆ (ಮಲೆನಾಡಿನ ಗೃಹೋದ್ಯಮಿ)

ನಮಸ್ಕಾರ. ಶಿರಸಿ ಕಡೆಯ ನಮ್ಮ ಸ್ವಸಹಾಯ ಗುಂಪು ಮುರುಗಲು (ಕೋಕಂ) ಹಣ್ಣಿನ ಸಿರಪ್ ತಯಾರಿಸಿ ಮಾರುತ್ತದೆ. ಮಳೆಗಾಲ ಕಳೆದರೂ ಬಾಟಲಿಯಲ್ಲಿ ಬೂಷ್ಟು ಬಾರದಿರಲೆಂದು ಸೋಡಿಯಂ ಬೆಂಜೋಯೇಟ್ ಸೇರಿಸುತ್ತೇವೆ. ಲೇಬಲ್ಲಿನಲ್ಲಿ ಅದರ ಸಂಕೇತ ಸಂಖ್ಯೆಯಾದ ಐಎನ್‌ಎಸ್ 211 ಎಂದು ಕಂಡ ಕೆಲವು ಗ್ರಾಹಕರು ಇದನ್ನು ಮಕ್ಕಳಿಗೆ ಕೊಡಬಹುದೇ ಎಂದು ಕೇಳುತ್ತಿದ್ದಾರೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 5 ಮಿಲಿಗ್ರಾಂವರೆಗಿನ ಸೇವನೆ ಸ್ವೀಕಾರಾರ್ಹ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 20 ಎನ್ನುತ್ತದೆ. ಒಂದೇ ವಸ್ತುವಿಗೆ ನಾಲ್ಕು ಪಟ್ಟು ಅಂತರವಿದ್ದರೆ ಯಾವುದನ್ನು ನಂಬುವುದು?

ಉತ್ತರ (ಆಹಾರ ರಸಾಯನದ ಅಧ್ಯಾಪಕ)

ಎರಡೂ ಸಂಖ್ಯೆಗಳು ಹುಟ್ಟಿದ ದಾರಿ ಒಂದೇ: ಪ್ರಾಣಿಗಳಲ್ಲಿ ಹಾನಿ ಕಾಣಿಸದ ಅತ್ಯಧಿಕ ಪ್ರಮಾಣವನ್ನು ಹಿಡಿದು, ಅದನ್ನು ಒಂದು ಸುರಕ್ಷಾಂಶದಿಂದ (ಎಚ್ಚರಿಕೆಗಾಗಿ ಇಡುವ ಭಾಜಕದಿಂದ) ಭಾಗಿಸುವುದು. ಯುರೋಪಿನ ಪ್ರಾಧಿಕಾರವು 2016ರ ಮರುಪರಿಶೀಲನೆಯಲ್ಲಿ, ಇಲಿಗಳ ನಾಲ್ಕು ತಲೆಮಾರುಗಳಲ್ಲಿ ನಡೆಸಿದ್ದ ಹಳೆಯ ಅಧ್ಯಯನದ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ 500 ಮಿಲಿಗ್ರಾಂ ಎಂಬ ಪ್ರಮಾಣವನ್ನು 100ರಿಂದ ಭಾಗಿಸಿ 5 ಎಂಬ ಮಿತಿಯನ್ನು ಉಳಿಸಿಕೊಂಡಿತು. ಜಂಟಿ ಸಮಿತಿಯ ಮಿತಿಯೂ ಬಹುಕಾಲ 5 ಆಗಿಯೇ ಇತ್ತು. 2021ರಲ್ಲಿ ಆ ಸಮಿತಿಯು, ಇಲಿಗಳ ಸಂತಾನೋತ್ಪತ್ತಿಯನ್ನು ಕುರಿತ ಇನ್ನೊಂದು ಅಧ್ಯಯನದಲ್ಲಿ ಪರೀಕ್ಷಿಸಿದ ಅತ್ಯಧಿಕ ಪ್ರಮಾಣವಾದ 1000 ಮಿಲಿಗ್ರಾಮಿನಲ್ಲೂ ಹಾನಿ ಕಾಣದ್ದರಿಂದ ಅದನ್ನೇ ಆಧಾರವಾಗಿ ತೆಗೆದುಕೊಂಡಿತು. ಸೋಡಿಯಂ ಬೆಂಜೋಯೇಟ್‌ನ ಮೂಲ ಆಮ್ಲವಾದ ಬೆಂಜೋಯಿಕ್ ಆಮ್ಲವು ಮನುಷ್ಯನ ದೇಹದಲ್ಲಿ ಹೇಗೆ ಸಾಗುತ್ತದೆಂಬ ಮಾಹಿತಿ ನೇರವಾಗಿಯೇ ದೊರೆತಿದ್ದುದರಿಂದ, ಇಲಿಗೂ ಮನುಷ್ಯನಿಗೂ ಇರುವ ವ್ಯತ್ಯಾಸಕ್ಕೆಂದು ಇಡುವ ಅಂಶವನ್ನು ಇಳಿಸಿ ಒಟ್ಟು ಸುರಕ್ಷಾಂಶವನ್ನು 50 ಮಾಡಿತು. ಹೀಗೆ 20 ಬಂದಿದೆ.

ಆ ಮಾಹಿತಿಯ ತಿರುಳು ಇಷ್ಟು: ಯಕೃತ್ತಿನಲ್ಲಿ ಬೆಂಜೋಯಿಕ್ ಆಮ್ಲವು ಗ್ಲೈಸಿನ್ ಎಂಬ ಅಮೈನೋ ಆಮ್ಲದೊಂದಿಗೆ ಕೂಡಿ ಹಿಪ್ಯೂರಿಕ್ ಆಮ್ಲವಾಗುತ್ತದೆ ಮತ್ತು ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೊರಹೋಗುತ್ತದೆ, ಮೈಯಲ್ಲಿ ಶೇಖರವಾಗುವುದಿಲ್ಲ. ಯೂರಿಯಾ ಚಕ್ರದ (ದೇಹದ ಅಮೋನಿಯವನ್ನು ಯೂರಿಯಾ ಆಗಿಸುವ ಕ್ರಿಯೆಯ) ಜನ್ಮದತ್ತ ದೋಷವಿರುವ ಶಿಶುಗಳಿಗೆ ವೈದ್ಯರ ನಿಗಾದಲ್ಲಿ ದಿನಕ್ಕೆ ಪ್ರತಿ ಕಿಲೋಗ್ರಾಮಿಗೆ ಸುಮಾರು 250 ಮಿಲಿಗ್ರಾಂವರೆಗೆ ಸೋಡಿಯಂ ಬೆಂಜೋಯೇಟನ್ನೇ ಔಷಧವಾಗಿ ಕೊಡುವುದುಂಟು. ಅಂದಹಾಗೆ ನಾವು ಉಣ್ಣುವ ಮೊಸರಿನಲ್ಲಿಯೂ ಬೆಂಜೋಯಿಕ್ ಆಮ್ಲ ಸ್ವಲ್ಪ ಇರುತ್ತದೆ. ಹಾಲಿನ ಹಿಪ್ಯೂರಿಕ್ ಆಮ್ಲದಿಂದ ಹೆಪ್ಪಿನ ಬ್ಯಾಕ್ಟೀರಿಯಾಗಳು ಅದನ್ನು ಉಂಟುಮಾಡುತ್ತವೆ.

ಉತ್ತರ (ಪ್ರಯೋಗಾಲಯದವಳು)

ಗ್ರಾಹಕರಿಗೆ ಲೆಕ್ಕ ಹೇಳುವಾಗ ನಾನಂತೂ 5ನ್ನೇ ಹಿಡಿಯುತ್ತೇನೆ, ಏಕೆಂದರೆ ಮಗು ಕುಡಿಯುವುದು ನಿಮ್ಮ ಸಿರಪ್ ಒಂದನ್ನೇ ಅಲ್ಲ. ಅದೇ ದಿನ ಕೆಚಪ್, ಜಾಮ್, ತಂಪು ಪಾನೀಯಗಳೂ ಹೊಟ್ಟೆಗೆ ಹೋಗಿರಬಹುದು. 15 ಕಿಲೋಗ್ರಾಂ ತೂಕದ ಮಗುವಿಗೆ ದಿನಕ್ಕೆ 75 ಮಿಲಿಗ್ರಾಂ ಎಂದಾಯಿತು. ಭಾರತ ಸರ್ಕಾರದ 1955ರ ಹಣ್ಣಿನ ಉತ್ಪನ್ನಗಳ ಆದೇಶದ ಕಾಲದಿಂದ ಸ್ಕ್ವಾಷ್ ಮತ್ತು ಸಿರಪ್‌ಗಳಿಗೆ ಇರುವ ಮಿತಿಯಾದ ಕಿಲೋಗ್ರಾಮಿಗೆ 600 ಮಿಲಿಗ್ರಾಮಿನಷ್ಟನ್ನು ಪೂರ್ತಿಯಾಗಿ ಹಾಕಿದ್ದರೆ, 40 ಗ್ರಾಂ ಸಿರಪ್ ಬೆರೆಸಿದ ಒಂದು ಲೋಟ ಶರಬತ್ತಿನಲ್ಲಿ 24 ಮಿಲಿಗ್ರಾಂ ಇರುತ್ತದೆ. ಮೂರು ಲೋಟಕ್ಕೆ 72. 5 ಮಿಲಿಗ್ರಾಮಿನ ಮಿತಿ ಜೀವಮಾನವಿಡೀ ದಿನವೂ ಸೇವಿಸಬಹುದಾದ ಪ್ರಮಾಣವಾದ್ದರಿಂದ ಒಂದು ದಿನ ಮೀರಿದ ಮಾತ್ರಕ್ಕೆ ಅಪಾಯವಾಯಿತೆಂದಲ್ಲ, ಆದರೆ ಚಿಕ್ಕ ಮಕ್ಕಳ ಮಟ್ಟಿಗೆ ಅಂಚು ಕಿರಿದಾಗಿದೆ.

ನಿಯಮದ ಮಿತಿಯನ್ನು ಬೆಂಜೋಯಿಕ್ ಆಮ್ಲದ ಲೆಕ್ಕದಲ್ಲಿ ಹೇಳಲಾಗುತ್ತದೆ, ನೀವು ತೂಗುವುದು ಅದರ ಸೋಡಿಯಂ ಲವಣವನ್ನು. 1 ಗ್ರಾಂ ಆಮ್ಲಕ್ಕೆ ಸುಮಾರು 1.18 ಗ್ರಾಂ ಲವಣ ಸಮ. ಹಾಗಾಗಿ 600 ಮಿಲಿಗ್ರಾಂ ಎಂದರೆ ಸುಮಾರು 708 ಮಿಲಿಗ್ರಾಂ ಲವಣ. ಚಮಚದ ಅಳತೆ ಇಲ್ಲಿ ಸಲ್ಲದು, ಮಿಲಿಗ್ರಾಂ ತೋರಿಸುವ ತಕ್ಕಡಿಯೇ ಬೇಕು.

ಮರುಪ್ರಶ್ನೆ (ಮಲೆನಾಡಿನ ಗೃಹೋದ್ಯಮಿ)

ಇಬ್ಬರಿಗೂ ಧನ್ಯವಾದಗಳು. ಇದು ವಿಟಮಿನ್ ಸಿ ಜೊತೆ ಸೇರಿದರೆ ಬೆಂಜೀನ್ ಆಗುತ್ತದೆ, ಮಕ್ಕಳಲ್ಲಿ ಅತಿಚಟುವಟಿಕೆ ತರುತ್ತದೆ ಎಂಬ ಮಾತುಗಳಲ್ಲಿ ಹುರುಳಿದೆಯೇ?

ಉತ್ತರ (ಆಹಾರ ರಸಾಯನದ ಅಧ್ಯಾಪಕ)

ಬೆಂಜೀನಿನ ಮಾತು ನಿಜ. ಆಸ್ಕಾರ್ಬಿಕ್ ಆಮ್ಲವೂ ತಾಮ್ರ ಅಥವಾ ಕಬ್ಬಿಣದ ಲೇಶವೂ ಇದ್ದಲ್ಲಿ ಬೆಂಜೋಯೇಟ್‌ನಿಂದ ಅತ್ಯಲ್ಪ ಪ್ರಮಾಣದ ಬೆಂಜೀನ್ ಉಂಟಾಗಬಲ್ಲದು. ಶಾಖ ಮತ್ತು ಬೆಳಕು ಅದನ್ನು ಹೆಚ್ಚಿಸುತ್ತವೆ. ಬೆಂಜೀನ್ ಕ್ಯಾನ್ಸರ್‌ಕಾರಕ; ಕುಡಿಯುವ ನೀರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಆದ್ದರಿಂದ ಬಣ್ಣ ಮಾಸದಿರಲೆಂದು ವಿಟಮಿನ್ ಸಿ ಪುಡಿ ಬೆರೆಸಬೇಡಿ, ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಕುದಿಸಬೇಡಿ, ಬಾಟಲಿಗಳನ್ನು ಅಂಗಡಿಯ ಮುಂದೆ ಬಿಸಿಲಿಗಿಡಬೇಡಿ.

ಅತಿಚಟುವಟಿಕೆಯ ಮಾತಿಗೆ ಮೂಲ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ. ಅಲ್ಲಿ ಮಕ್ಕಳಿಗೆ ಕೊಟ್ಟಿದ್ದು ಕೃತಕ ಬಣ್ಣಗಳು ಮತ್ತು ಬೆಂಜೋಯೇಟ್ ಕೂಡಿದ ಮಿಶ್ರಣ; ಕಂಡ ಅಲ್ಪ ಪರಿಣಾಮದಲ್ಲಿ ಯಾವುದರ ಪಾಲೆಷ್ಟು ಎಂದು ಬೇರ್ಪಡಿಸಲು ಅದರಿಂದ ಆಗುವುದಿಲ್ಲ. ಯುರೋಪ್ ಒಕ್ಕೂಟ ಆಮೇಲೆ ಎಚ್ಚರಿಕೆಯ ಒಕ್ಕಣೆ ಕಡ್ಡಾಯ ಮಾಡಿದ್ದು ಆರು ಬಣ್ಣಗಳಿಗೆ, ಬೆಂಜೋಯೇಟ್‌ಗಲ್ಲ. ಮುರುಗಲಿಗೆ ಸ್ವಂತ ಬಣ್ಣವೇ ಧಾರಾಳವಾಗಿರುವಾಗ ನಿಮಗೆ ಕೃತಕ ಬಣ್ಣದ ಅಗತ್ಯವೂ ಇಲ್ಲ.

ಉತ್ತರ (ಪ್ರಯೋಗಾಲಯದವಳು)

ಒಂದು ವಿಷಯ ಉಳಿದಿದೆ. ಬೆಂಜೋಯೇಟ್ ಕೆಲಸ ಮಾಡುವುದು ಹುಳಿಯಲ್ಲಿ: ಹುಳಿಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 3 ಇದ್ದಾಗ ಅದರ ಶೇ. 94ರಷ್ಟು ಸೂಕ್ಷ್ಮಾಣುವಿನೊಳಗೆ ನುಗ್ಗಬಲ್ಲ ಆಮ್ಲದ ರೂಪದಲ್ಲಿರುತ್ತದೆ, ಪಿಎಚ್ 5ರಲ್ಲಿ ಶೇ. 14 ಮಾತ್ರ. ಮುರುಗಲು ಸಹಜವಾಗಿಯೇ ಬಹಳ ಹುಳಿ, ಸಿರಪ್‌ನಲ್ಲಿ ಸಕ್ಕರೆಯೂ ಹೇರಳ. ಹೀಗಿರುವಾಗ ಗರಿಷ್ಠ ಮಿತಿಯವರೆಗೆ ಹೋಗುವ ಅಗತ್ಯ ಬಹುಶಃ ನಿಮಗಿರಲಾರದು. ಮುಂದಿನ ಹಂಗಾಮಿನಲ್ಲಿ ಕಿಲೋಗ್ರಾಂ ಸಿರಪ್‌ಗೆ 200, 300, 400 ಮಿಲಿಗ್ರಾಮಿನ ಮಾದರಿಗಳನ್ನು ಬೇರೆ ಬೇರೆಯಾಗಿ ಇಟ್ಟು, ಮಳೆಗಾಲ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ಯೀಸ್ಟ್ ಮತ್ತು ಬೂಷ್ಟಿನ ಎಣಿಕೆ ಮಾಡಿಸಿ. ಕೆಡದೆ ಉಳಿದವುಗಳಲ್ಲಿ ಅತಿ ಕಡಿಮೆ ಯಾವುದೋ ಅಷ್ಟನ್ನೇ ಹಾಕಿ.