ಅಪ್ಪನ 94ರ ಮಾರುತಿ 800 ಯಾವ ತಲೆಮಾರಿನದು?

ಮಲೆನಾಡ ಹುಡುಗ: ಅಪ್ಪನ ಬಿಳಿ 800 ಇನ್ನೂ ತೀರ್ಥಹಳ್ಳಿಯ ಮನೆಯಲ್ಲಿದೆ. ಮಳೆಗಾಲದ ಬೆಳಿಗ್ಗೆ ಚೋಕ್ ಎಳೆದು, ಎರಡು ನಿಮಿಷ ಹಾಗೇ ಬಿಟ್ಟರೆ ಮಾತ್ರ ಹೊರಡುತ್ತದೆ. ಅದನ್ನು ಮೊದಲಿನಂತೆ ಮಾಡಿಸುವ ಆಸೆ. ಇದು 1983ರ ಮಾಡೆಲ್ಲೇ ಅಲ್ವಾ?

ಹಳೇ ಗಾಡಿ: ಅಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಕಾರಿನ ಕೀಲಿ ಕೊಟ್ಟರಲ್ಲ, ಆ ಗಾಡಿಯ ಆಕಾರವೇ ಬೇರೆ, ಜಾಸ್ತಿ ಚೌಕ. ಅದು ಸುಜುಕಿ ಎಸ್‌ಎಸ್80 ಮೂಲದ್ದು. 1986ರಲ್ಲಿ ಸುಜುಕಿಯ ಆಗಿನ ಹೊಸ ಆಲ್ಟೊದ ಬಾಡಿ ಬಂತು. ನಿಮ್ಮದು ಅದೇ. ಎಂಜಿನ್ ಮಾತ್ರ ಎರಡರಲ್ಲೂ 796 ಸಿಸಿ, ಮೂರು ಸಿಲಿಂಡರ್. ಐಡಲ್‌ನಲ್ಲಿ ಗೇರ್ ಕೋಲು ಸಣ್ಣಗೆ ನಡುಗುತ್ತದಲ್ಲ, ಅದು ಮೂರು ಸಿಲಿಂಡರಿನ ಗುಣ. ಕೆಟ್ಟಿದೆ ಅಂತ ಸುಮ್ನೆ ಬಿಚ್ಚಿಸಬೇಡಿ.

ಕಾವೇರಿ ತೀರ: 1997ರಲ್ಲಿ ಮುಖ ಬದಲಾಯಿತು, 2000ದ ಹೊತ್ತಿಗೆ ಕಾರ್ಬ್ಯುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಬದಲು ಎಂಪಿಎಫ್‌ಐ, ಅಂದರೆ ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ ಬಂತು. ಹಾಗಾಗಿ ಹೆಡ್‌ಲೈಟ್, ಬಂಪರ್ ಕೊಳ್ಳುವಾಗ ವರ್ಷ ಹೇಳಿಯೇ ಕೇಳಿ. ಕಾರ್ಬ್ಯುರೇಟರ್ ತೆಗೆಸಬೇಡಿ ಸರ್, ಮೊದಲು ಶುಚಿ ಮಾಡಿಸಿ. 2010ರಲ್ಲಿ ಹೊಗೆ ಮಾಲಿನ್ಯದ ಬಿಎಸ್4 ನಿಯಮ ಬಂದಾಗ ಬೆಂಗಳೂರಿನಲ್ಲಿ ಹೊಸ 800 ಮಾರಾಟ ನಿಂತಿತು. ಆ ದಿನ ನನಗೆ ನಿಜಕ್ಕೂ ಬೇಜಾರಾಗಿತ್ತು. 2014ರ ಜನವರಿಯಲ್ಲಿ ತಯಾರಿಕೆಯೇ ಮುಗಿಯಿತು.

ಮಲೆನಾಡ ಹುಡುಗ: ಧನ್ಯವಾದ. ಭಾನುವಾರ ಊರಿಗೆ ಹೋಗಿ ಕಾರ್ಬ್ಯುರೇಟರ್ ಶುಚಿ ಮಾಡಿಸುತ್ತೇನೆ. ಅಪ್ಪನೂ ಪಕ್ಕದಲ್ಲಿ ಕೂರುತ್ತಾರಂತೆ.