ಅಪ್‌ಡೇಟ್: ಆಗಲ್ಲ ಅಂದಿದ್ದ ರಜೆ ಮಂಜೂರಾಯಿತು

ತಂಗಿಯ ಮದುವೆಗೆ ಕೇಳಿದ್ದ ರಜೆಯನ್ನು ಅಂಗಡಿಯಲ್ಲಿ ‘ಸ್ಟಾಫ್ ಇಲ್ಲ’ ಅಂತ ತಳ್ಳಿಹಾಕಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೆ. ರಜೆ ಸಿಕ್ಕಿತು.

ನಿಮಗೂ ಹೀಗಾದರೆ, ಯಾವ ಶಿಫ್ಟ್‌ಗೆ ಜನ ಸಾಲುತ್ತಿಲ್ಲ ಅಂತ ಮ್ಯಾನೇಜರನ್ನು ಮೆಸೇಜ್‌ನಲ್ಲೇ ಕೇಳಿ. ಎಷ್ಟೋ ಸಲ ಅಡ್ಡಿಯಾಗಿರುವುದು ಇಡೀ ರಜೆಯಲ್ಲ, ಶನಿವಾರದ ಕ್ಲೋಸಿಂಗ್ ಅಥವಾ ಸ್ಟಾಕ್ ಎಣಿಕೆಯ ದಿನ ಮಾತ್ರ. ಅದೊಂದನ್ನು ತುಂಬಿಸಿಕೊಟ್ಟರೆ ದಾರಿ ಸಲೀಸು. ಆದರೆ ಬದಲಿಗೆ ಬರುವವರಿಗೆ ಅದೇ ಕೆಲಸ ಬರಬೇಕು. ಬಿಲ್ಲಿಂಗ್ ಲಾಗಿನ್ ಇಲ್ಲದವರನ್ನು ಕ್ಯಾಶ್ ಕೌಂಟರ್‌ಗೆ ತೋರಿಸಿದರೆ ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಅವರ ವಾರದ ಗಂಟೆಗಳು ಓವರ್‌ಟೈಮ್‌ಗೆ ದಾಟಿದರೂ ಅದಲುಬದಲು ಕೆಡುತ್ತದೆ. ಹಾಗಾಗಿ ಅವರ ಒಂದು ಶಿಫ್ಟನ್ನು ಅದೇ ವಾರದಲ್ಲಿ ನೀವು ವಹಿಸಿಕೊಳ್ಳಿ.

ಸಹೋದ್ಯೋಗಿ ಬಾಯಿಮಾತಲ್ಲಿ ‘ಸರಿ’ ಅಂದರೆ ಸಾಲದು. ರೋಸ್ಟರ್‌ನಲ್ಲಿ (ಯಾರಿಗೆ ಯಾವ ಶಿಫ್ಟ್ ಎಂಬ ಪಟ್ಟಿಯಲ್ಲಿ) ಹೆಸರು ಬದಲಾಗದಿದ್ದರೆ, ಅವರು ಬರದ ದಿನ ಗೈರುಹಾಜರಿ ಬೀಳುವುದು ನಿಮ್ಮ ಹೆಸರಿಗೇ. ಬದಲಾದ ರೋಸ್ಟರಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಹುಷಾರಿಲ್ಲ ಅಂತ ಫೋನ್ ಮಾಡುವ ಸಲಹೆಯೂ ಬಂದಿತ್ತು. ದಯವಿಟ್ಟು ಬೇಡ. ತಿರಸ್ಕರಿಸಿದ ಅರ್ಜಿಯ ತಾರೀಕು ದಾಖಲೆಯಲ್ಲಿ ಇದ್ದೇ ಇರುತ್ತದೆ, ಶಿಸ್ತುಕ್ರಮಕ್ಕೆ ಅದು ದಾರಿಯಾಗಬಹುದು. ಮುಂದಿನ ಸಲ ರೋಸ್ಟರ್ ಹಾಕುವ ಮೊದಲೇ ಅರ್ಜಿ ಕೊಡಿ. ಹಾಕಿದ ಮೇಲೆ ಕೊಟ್ಟರೆ ಬೇರೆಯವರ ಶಿಫ್ಟ್‌ಗಳನ್ನೂ ಕದಲಿಸಬೇಕಾಗುತ್ತದೆ.