ಪರಮಾಣು ಖಾಲಿಯೇ? ನಮ್ಮ ಬಳಗದ ಗುಂಪಿನಲ್ಲಿ ಭಾನುವಾರದ ಚರ್ಚೆ

ಶ್ರೀನಿವಾಸ ದೊಡ್ಡಪ್ಪ, ಬೆಳಗ್ಗೆ 7:12
(ಫಾರ್ವರ್ಡ್ ಮಾಡಿದ ಚಿತ್ರ)
"ಒಂದು ಪರಮಾಣುವನ್ನು ವಿಜಯಪುರದ ಗೋಲಗುಂಬಜ್‌ನಷ್ಟು ದೊಡ್ಡದು ಮಾಡಿದರೆ ಅದರ ನ್ಯೂಕ್ಲಿಯಸ್ ನಡುವೆ ಇಟ್ಟ ಒಂದು ನಿಂಬೆಹಣ್ಣು. ಉಳಿದದ್ದೆಲ್ಲ ಖಾಲಿ! ನೀವು ಕೂತ ಕುರ್ಚಿ ಖಾಲಿ. ನೀವೂ ಖಾಲಿ. ಪ್ರೋಟಾನ್ ತ್ರಿಜ್ಯ 0.84 ಫೆಮ್ಟೊಮೀಟರ್, ಎಲೆಕ್ಟ್ರಾನ್ ತ್ರಿಜ್ಯ 2.8 ಫೆಮ್ಟೊಮೀಟರ್. ಹತ್ತು ಜನಕ್ಕೆ ಕಳಿಸಿ."

ಶ್ರೀನಿವಾಸ ದೊಡ್ಡಪ್ಪ, 7:13
ಮಕ್ಕಳೆಲ್ಲ ತಪ್ಪದೆ ಓದಿ. ಎಂಥ ಅದ್ಭುತ ನೋಡಿ. ಶುಭೋದಯ 🙏

ಮಂಜುಳಾ ಚಿಕ್ಕಮ್ಮ, 7:30
ಶುಭೋದಯ ಭಾವ 🙏 ತುಂಬಾ ಚೆನ್ನಾಗಿದೆ. ಅನನ್ಯಾಗೆ ಒಂಬತ್ತನೇ ಕ್ಲಾಸಿನಲ್ಲಿ ಇದೇ ಪಾಠ ನಡೆಯುತ್ತಿದೆ. ಎದ್ದ ಮೇಲೆ ತೋರಿಸುತ್ತೇನೆ.

ಸುಮಾ, 7:48
ಚಿಕ್ಕಮ್ಮ, ಸ್ವಲ್ಪ ತಡೆಯಿರಿ. ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಈ ಚಿತ್ರದಲ್ಲಿ ನಿಂಬೆಹಣ್ಣು ತಪ್ಪು, ಎಲೆಕ್ಟ್ರಾನಿನ ಅಳತೆ ತಪ್ಪು. ಉಳಿದದ್ದೆಲ್ಲ ಖಾಲಿ ಅನ್ನುವುದು ಇವೆರಡಕ್ಕಿಂತ ದೊಡ್ಡ ತಪ್ಪು. ಪಿಯುಸಿಗೆ ಬರುವ ಮಕ್ಕಳ ತಲೆಯಲ್ಲಿ ಈ ಖಾಲಿ ಪರಮಾಣು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ತೆಗೆಯುವುದಕ್ಕೇ ನನಗೆ ಪ್ರತಿ ವರ್ಷ ಎಷ್ಟೋ ಪೀರಿಯಡ್ ಹೋಗುತ್ತದೆ.

ಶ್ರೀನಿವಾಸ ದೊಡ್ಡಪ್ಪ, 7:55
ಬೇಜಾರೇನಿಲ್ಲಮ್ಮ. ಆದರೆ ಒಪ್ಪುವುದಿಲ್ಲ. ನಿಮ್ಮ ಪಠ್ಯಪುಸ್ತಕದಲ್ಲೇ ರುದರ್‌ಫೋರ್ಡ್ ಪ್ರಯೋಗ ಇದೆ. ಚಿನ್ನದ ತೆಳು ಹಾಳೆಗೆ ಆಲ್ಫಾ ಕಣ ಹೊಡೆದರು. ಹೆಚ್ಚಿನವು ನೇರ ಆಚೆ ಹೋದವು. ಒಳಗೆ ಜಾಗ ಖಾಲಿ ಇತ್ತು ಅಂತ ತಾನೆ ಅರ್ಥ?

ಕಾರ್ತಿಕ್, 8:20
ಅಕ್ಕ, ನಿಂಬೆಹಣ್ಣು ಎಷ್ಟು ತಪ್ಪು? ಲೆಕ್ಕ ಹಾಕಿ ತೋರಿಸಿ.

ಸುಮಾ, 8:31
ಗೋಲಗುಂಬಜ್ ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ನಿಂಬೆಹಣ್ಣು 4 ಸೆಂಟಿಮೀಟರ್ ಅಂತಿಟ್ಟುಕೋ. ಅಂದರೆ ಹೆಚ್ಚುಕಡಿಮೆ ಸಾವಿರದಲ್ಲಿ ಒಂದು ಪಾಲು.
ಈಗ ನಿಜವಾದ ಲೆಕ್ಕ. ಹೈಡ್ರೋಜನ್ ಪರಮಾಣುವಿನ ತ್ರಿಜ್ಯ 53 ಪಿಕೊಮೀಟರ್. ನಡುವಿನ ಪ್ರೋಟಾನ್‌ನದು 0.84 ಫೆಮ್ಟೊಮೀಟರ್. ಪಿಕೊಮೀಟರ್ ಅಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಒಂದು ಪಿಕೊಮೀಟರಿಗೆ ಸಾವಿರ ಫೆಮ್ಟೊಮೀಟರ್. ಭಾಗಿಸಿದರೆ ಸುಮಾರು 63,000 ಬರುತ್ತದೆ. 38 ಮೀಟರನ್ನು ಅದರಿಂದ ಭಾಗಿಸು, 0.6 ಮಿಲಿಮೀಟರ್. ಅದು ಗಸಗಸೆ ಕಾಳು.
ಚಿನ್ನದ ನ್ಯೂಕ್ಲಿಯಸ್ ದಪ್ಪ. 79 ಪ್ರೋಟಾನ್, 118 ನ್ಯೂಟ್ರಾನ್. ಅದರ ತ್ರಿಜ್ಯ ಸುಮಾರು 7 ಫೆಮ್ಟೊಮೀಟರ್, ಪರಮಾಣುವಿನದು 144 ಪಿಕೊಮೀಟರ್. 20,000ದಲ್ಲಿ ಒಂದು ಪಾಲು. ಅಲ್ಲಿ ಸಾಸಿವೆ ಕಾಳು ಇಡಬಹುದು. ನಿಂಬೆಹಣ್ಣು ಎಲ್ಲೂ ಬರುವುದಿಲ್ಲ.

ಶ್ರೀನಿವಾಸ ದೊಡ್ಡಪ್ಪ, 8:40
ಹಾಗಾದರೆ ನನ್ನ ಮಾತಿಗೇ ಬಲ ಬಂತಲ್ಲ! ನಿಂಬೆಹಣ್ಣಿನ ಜಾಗದಲ್ಲಿ ಸಾಸಿವೆ. ಇನ್ನೂ ಜಾಸ್ತಿ ಖಾಲಿ.

ಕಾರ್ತಿಕ್, 8:44
ದೊಡ್ಡಪ್ಪ ಹೇಳುವುದರಲ್ಲಿ ಪಾಯಿಂಟ್ ಇದೆ ಅಕ್ಕ. ಸೌರಮಂಡಲವನ್ನೇ ನೋಡಿ. ಸೂರ್ಯನ ತ್ರಿಜ್ಯ ಸುಮಾರು 7 ಲಕ್ಷ ಕಿಲೋಮೀಟರ್, ನೆಪ್ಚೂನ್ ಇರುವುದು 450 ಕೋಟಿ ಕಿಲೋಮೀಟರ್ ದೂರದಲ್ಲಿ. 6,500 ಪಟ್ಟು ಅಷ್ಟೇ. ನೀವು ಹೈಡ್ರೋಜನ್‌ಗೆ 63,000 ಅಂದಿರಿ. ಸೌರಮಂಡಲಕ್ಕಿಂತ ಹತ್ತು ಪಟ್ಟು ಬರಿದು.
ಇನ್ನೊಂದು. ಪ್ರಪಂಚದ ಜನರನ್ನೆಲ್ಲ ನ್ಯೂಕ್ಲಿಯಸ್‌ನಷ್ಟು ಒತ್ತಾಗಿ ಅದುಮಿದರೆ ಒಂದು ಸಕ್ಕರೆ ಕ್ಯೂಬಿನಷ್ಟಾಗುತ್ತಾರೆ ಅನ್ನುತ್ತಾರೆ. ಈಗಲೇ ಲೆಕ್ಕ ಹಾಕಿದೆ. 800 ಕೋಟಿ ಜನ, ತಲೆಗೆ 50 ಕೆಜಿ ಅಂದರೆ 40,000 ಕೋಟಿ ಕೆಜಿ. ನ್ಯೂಕ್ಲಿಯಸ್ ಸಾಂದ್ರತೆಯಲ್ಲಿ ಒಂದು ಘನ ಸೆಂಟಿಮೀಟರಿಗೆ 23,000 ಕೋಟಿ ಕೆಜಿ. ಎರಡು ಘನ ಸೆಂಟಿಮೀಟರಿನೊಳಗೆ ಎಲ್ಲರೂ ಮುಗಿದರು. ಇದು ಸರಿ ತಾನೆ?

ಸುಮಾ, 8:58
ಲೆಕ್ಕ ಸರಿಯಾಗಿದೆ ಕಾರ್ತಿಕ್. ನ್ಯೂಟ್ರಾನ್ ನಕ್ಷತ್ರಗಳಲ್ಲಿ ಹೆಚ್ಚುಕಡಿಮೆ ಅಂಥ ಸಾಂದ್ರತೆ ಇದೆ. ಆದರೆ ತೂಕ ಎಲ್ಲಿದೆ ಅನ್ನುವುದು ಒಂದು ಪ್ರಶ್ನೆ, ಎಲ್ಲಿ ಏನಿದೆ ಅನ್ನುವುದು ಇನ್ನೊಂದು ಪ್ರಶ್ನೆ. ಪರಮಾಣುವಿನ ತೂಕ ಶೇಕಡ 99.9ಕ್ಕಿಂತ ಜಾಸ್ತಿ ನ್ಯೂಕ್ಲಿಯಸ್‌ನಲ್ಲೇ ಇದೆ, ನಿಜ. ಹಾಗಂತ ಹೊರಗೆ ಏನೂ ಇಲ್ಲ ಅಂತ ಆಗುವುದಿಲ್ಲ. ಈ ಎರಡನ್ನೂ ಒಂದೇ ಮಾಡಿಬಿಡುವುದೇ ಈ ಚಿತ್ರದ ತೊಂದರೆ.

ವಿಜಯಾ ಅತ್ತೆ, 9:15
ಅಣ್ಣ, ಚಿನ್ನದ ಹಾಳೆ ಅಂದೆಯಲ್ಲ. ನಾನು ಮೈಸೂರು ಚಿತ್ರಕ್ಕೆ ಅಂಟಿಸುವ ರೇಕಿನ ಥರದ್ದೇ?

ಸುಮಾ, 9:17
ಅದೇ ಜಾತಿಯದು ಅತ್ತೆ! ನಿಮ್ಮ ಹತ್ತಿರ ಈಗ ಬಿಡಿ ರೇಕು ಇದೆಯಾ? ಒಂದನ್ನು ದೀಪಕ್ಕೆ ಅಡ್ಡ ಹಿಡಿದು ಏನು ಕಾಣುತ್ತದೆ ಹೇಳುತ್ತೀರಾ?

ವಿಜಯಾ ಅತ್ತೆ, 9:26
ಇದೆ. ಪುಟಾಣಿ ಪುಸ್ತಕದ ಹಾಗೆ ಬರುತ್ತದೆ, ಎರಡು ತೆಳು ಕಾಗದದ ನಡುವೆ ಒಂದೊಂದು ರೇಕು. ಆದರೆ ಹಿಡಿಯುವುದು ಸುಲಭ ಅಲ್ಲಮ್ಮ. ಫ್ಯಾನ್ ಆರಿಸಬೇಕು. ಜೋರಾಗಿ ಉಸಿರು ಬಿಟ್ಟರೂ ಮುದುರಿಕೊಳ್ಳುತ್ತದೆ. ಬೆರಳು ತಾಗಿದರೆ ಚರ್ಮದ ಗೆರೆಯೊಳಗೇ ಕೂತುಬಿಡುತ್ತದೆ, ಮತ್ತೆ ಬಿಡಿಸಲಾಗುವುದಿಲ್ಲ. ಅದಕ್ಕೇ ಒಣ ಕುಂಚದಲ್ಲಿ ಎತ್ತುವುದು. ಎರಡು ಗಾಜಿನ ನಡುವೆ ಇಟ್ಟು ನೋಡುತ್ತೇನೆ ಇರು.

ವಿಜಯಾ ಅತ್ತೆ, 9:41
(ಫೋಟೋ)
ಈ ಕಡೆಯಿಂದ ಎಂದಿನಂತೆ ಬಂಗಾರದ ಹೊಳಪು. ದೀಪಕ್ಕೆ ಅಡ್ಡ ಹಿಡಿದರೆ ಬಲ್ಬು ಮಂಕಾಗಿ, ಹಸಿರಾಗಿ ಕಾಣುತ್ತಿದೆ. ಇಷ್ಟು ವರ್ಷ ಕೆಲಸ ಮಾಡಿದರೂ ಹೀಗೆ ಹಿಡಿದು ನೋಡಿರಲಿಲ್ಲ.

ಸುಮಾ, 10:05
ಥ್ಯಾಂಕ್ಸ್ ಅತ್ತೆ. ಮೈಕೆಲ್ ಫ್ಯಾರಡೆ ಈ ಹಸಿರನ್ನು ತುಂಬಾ ಆಸಕ್ತಿಯಿಂದ ಅಭ್ಯಾಸ ಮಾಡಿದ್ದರು. 1857ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಚಿನ್ನ ಮತ್ತು ಬೆಳಕಿನ ಬಗ್ಗೆಯೇ ಉಪನ್ಯಾಸ ಕೊಟ್ಟರು.
ದೊಡ್ಡಪ್ಪ, ಈ ಫೋಟೋ ಇಟ್ಟುಕೊಂಡೇ ಮಾತಾಡೋಣ. ಇಂಥ ರೇಕಿನ ದಪ್ಪ ಸುಮಾರು 100 ನ್ಯಾನೊಮೀಟರ್ (ಒಂದು ನ್ಯಾನೊಮೀಟರಿಗೆ ಸಾವಿರ ಪಿಕೊಮೀಟರ್). ಒಂದು ಕೊರೋನಾ ವೈರಸ್ಸಿನ ಅಡ್ಡಳತೆಯೂ ಹೆಚ್ಚುಕಡಿಮೆ ಅಷ್ಟೇ. ಚಿನ್ನದ ಪರಮಾಣುವಿನ ಅಡ್ಡಳತೆ 0.29 ನ್ಯಾನೊಮೀಟರ್. ಒಂದರ ಸಂದಿಯಲ್ಲಿ ಇನ್ನೊಂದು ಕೂರುವುದರಿಂದ ಈ ದಪ್ಪದಲ್ಲಿ ಸುಮಾರು 400 ಪದರ ಇವೆ.
ಈಗ ನಿಮ್ಮ ಮಾತನ್ನೇ ಒಪ್ಪಿ ನೋಡೋಣ. ನ್ಯೂಕ್ಲಿಯಸ್ ಒಂದೇ ನಿಜ, ಉಳಿದದ್ದು ಖಾಲಿ. ಆ 400 ಪದರಗಳ ನ್ಯೂಕ್ಲಿಯಸ್‌ಗಳನ್ನೆಲ್ಲ ತೆಗೆದು ಒಂದೇ ಪದರದಲ್ಲಿ, ಒಂದರ ಮೇಲೊಂದು ಬೀಳದಂತೆ ಹರಡಿದರೂ ರೇಕಿನ ಅಗಲದಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲೂ ಮುಚ್ಚುವುದಿಲ್ಲ. ಹಾಗಿದ್ದರೆ ರೇಕು ಗಾಜಿಗಿಂತ ತಿಳಿಯಾಗಿರಬೇಕಿತ್ತು. ಅತ್ತೆ ಮನೆಯ ಬಲ್ಬು ಇದ್ದ ಹಾಗೇ ಕಾಣಬೇಕಿತ್ತು. ಕಾಣಲಿಲ್ಲ. ಬೆಳಕಿನ ಬಹುಪಾಲು ತಿರುಗಿ ಬಂತು, ಅದೇ ಆ ಬಂಗಾರದ ಹೊಳಪು. ಆ ಬೆಳಕನ್ನು ಯಾರು ತಿರುಗಿಸಿದರು?

ಅನನ್ಯಾ (ಅಮ್ಮನ ಫೋನಿಂದ), 10:12
ಎಲೆಕ್ಟ್ರಾನ್‌ಗಳು?

ಸುಮಾ, 10:13
ಹೌದು ಪುಟ್ಟಿ. ಎಲೆಕ್ಟ್ರಾನ್‌ಗಳೇ. ಚಿನ್ನದ ಎಲೆಕ್ಟ್ರಾನ್‌ಗಳು ಕೆಂಪು, ಹಳದಿಯನ್ನು ಚೆನ್ನಾಗಿ ಹಿಂದಕ್ಕೆ ಕಳಿಸುತ್ತವೆ. ನೀಲಿ, ನೇರಳೆಯನ್ನು ಹೀರಿಕೊಳ್ಳುತ್ತವೆ. ನಡುವೆ ತಪ್ಪಿಸಿಕೊಂಡು ಆಚೆ ಬಂದದ್ದು ಆ ಹಸಿರು.

ಶ್ರೀನಿವಾಸ ದೊಡ್ಡಪ್ಪ, 10:30
ಬೆಳಕಿಗೆ ದಾರಿ ಕೊಡದ ಎಲೆಕ್ಟ್ರಾನ್ ಆಲ್ಫಾ ಕಣಕ್ಕೆ ಯಾಕೆ ದಾರಿ ಕೊಟ್ಟಿತು? ಇದಕ್ಕೆ ಉತ್ತರ ಹೇಳು.

ಸುಮಾ, 10:47
ಒಳ್ಳೆಯ ಪ್ರಶ್ನೆ ದೊಡ್ಡಪ್ಪ. ಆಲ್ಫಾ ಕಣ ಅಂದರೆ ಹೀಲಿಯಂ ನ್ಯೂಕ್ಲಿಯಸ್. ಎಲೆಕ್ಟ್ರಾನಿಗಿಂತ ಸುಮಾರು 7,300 ಪಟ್ಟು ಭಾರ. ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಎಲೆಕ್ಟ್ರಾನ್‌ಗಳ ನಡುವೆ ನುಗ್ಗುವಾಗ ದಾರಿಯುದ್ದಕ್ಕೂ ಅವಕ್ಕೆ ಸ್ವಲ್ಪ ಸ್ವಲ್ಪ ಶಕ್ತಿ ಕೊಟ್ಟುಕೊಂಡೇ ಹೋಗುತ್ತದೆ. ಜಾಗ ಖಾಲಿ ಇದ್ದಿದ್ದರೆ ಯಾಕೆ ಶಕ್ತಿ ಕಳೆದುಕೊಳ್ಳಬೇಕು? ಚಿನ್ನದ ಹಾಳೆ ಒಂದಿಷ್ಟು ದಪ್ಪ ಆದರೆ ಆಲ್ಫಾ ಅಲ್ಲೇ ನಿಂತುಬಿಡುತ್ತದೆ. ಆಲ್ಫಾ ಕಣವನ್ನು ಒಂದು ಸಾಧಾರಣ ಕಾಗದವೇ ತಡೆಯುತ್ತದೆ ಅಂತ ಅನನ್ಯಾ ಮುಂದೆ ಓದುತ್ತಾಳೆ.
1909ರಲ್ಲಿ ಮ್ಯಾಂಚೆಸ್ಟರಿನ ರುದರ್‌ಫೋರ್ಡ್ ಲ್ಯಾಬಿನಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ನೋಡಿದ್ದು, ಸಾವಿರಾರು ಕಣಗಳಲ್ಲಿ ಎಲ್ಲೋ ಒಂದು ಹಿಂದಕ್ಕೆ ಬಂದದ್ದನ್ನು. ಮಾರ್ಸ್‌ಡೆನ್‌ಗೆ ಆಗ 20 ವರ್ಷ, ಇನ್ನೂ ವಿದ್ಯಾರ್ಥಿ. 1911ರಲ್ಲಿ ರುದರ್‌ಫೋರ್ಡ್ ಅದರಿಂದ ತೀರ್ಮಾನಿಸಿದ್ದು ಭಾರವೆಲ್ಲ ನಡುವೆ ಒಂದು ಚುಕ್ಕೆಯಲ್ಲಿದೆ ಅಂತ. ಆ ಪ್ರಯೋಗ ತೋರಿಸುವುದು ಭಾರ ಎಲ್ಲಿದೆ ಅನ್ನುವುದನ್ನು. ಖಾಲಿ ಜಾಗವನ್ನು ಅದಕ್ಕೆ ಸೇರಿಸಿದ್ದು ಆಮೇಲೆ ಚಿತ್ರ ಬರೆದವರು.

ಕಾರ್ತಿಕ್, 11:02
ಅಕ್ಕ, ಎಲೆಕ್ಟ್ರಾನ್ 2.8 ಫೆಮ್ಟೊಮೀಟರ್ ಅಂತ ನೆಟ್‌ನಲ್ಲೂ ಬರುತ್ತಿದೆ. ಪ್ರೋಟಾನ್‌ಗಿಂತ 1,800 ಪಟ್ಟು ಹಗುರ ಇದ್ದುಕೊಂಡು ಅದಕ್ಕಿಂತ ದಪ್ಪನಾ?

ಸುಮಾ, 11:16
ಅದು ಅಳೆದ ಸಂಖ್ಯೆ ಅಲ್ಲ. ಎಲೆಕ್ಟ್ರಾನ್ ಒಂದು ಪುಟ್ಟ ಗುಂಡು, ಅದರ ದ್ರವ್ಯರಾಶಿಯೆಲ್ಲ ವಿದ್ಯುತ್ ಶಕ್ತಿಯಿಂದಲೇ ಬಂದದ್ದು ಅಂತ ಇಟ್ಟುಕೊಂಡರೆ ಲೆಕ್ಕದಲ್ಲಿ ಬರುವ ತ್ರಿಜ್ಯ. ಹಳೆಯ ಕಾಲದ ಊಹೆ. ಆ ಸಂಖ್ಯೆ ಎಕ್ಸ್‌ರೇ ಚದುರುವ ಲೆಕ್ಕಗಳಲ್ಲಿ ಉಪಯೋಗಕ್ಕೆ ಬರುತ್ತದೆ, ಅದಕ್ಕೆ ಪಟ್ಟಿಗಳಲ್ಲಿ ಇನ್ನೂ ಇದೆ. ಪ್ರಯೋಗದಲ್ಲಿ ಫೆಮ್ಟೊಮೀಟರಿನ ಸಾವಿರದಲ್ಲಿ ಒಂದು ಪಾಲಿನವರೆಗೆ ಇಳಿದು ನೋಡಿದರೂ ಎಲೆಕ್ಟ್ರಾನಿಗೆ ಗಾತ್ರ ಸಿಕ್ಕಿಲ್ಲ. ಪ್ರೋಟಾನ್ ಪಕ್ಕದಲ್ಲಿ ಅದನ್ನು ದೊಡ್ಡ ಗುಂಡಾಗಿ ಬರೆಯುವುದು ಶುದ್ಧ ತಪ್ಪು.

ಶ್ರೀನಿವಾಸ ದೊಡ್ಡಪ್ಪ, 11:25
ನೋಡು, ಈಗ ನೀನೇ ಸಿಕ್ಕಿಹಾಕಿಕೊಂಡೆ. ಎಲೆಕ್ಟ್ರಾನಿಗೆ ಗಾತ್ರವೇ ಇಲ್ಲ ಅನ್ನುತ್ತೀಯ. ಗಾತ್ರ ಇಲ್ಲದ್ದು ಜಾಗ ತುಂಬುವುದು ಹೇಗೆ?

ಸುಮಾ, 11:52
ಇದೇ ದೊಡ್ಡಪ್ಪ ನಾನು ಕಾಯುತ್ತಿದ್ದ ಪ್ರಶ್ನೆ. ದಯವಿಟ್ಟು ಪೂರ್ತಿ ಓದಿ.
ಎಲೆಕ್ಟ್ರಾನ್ ಸಣ್ಣ ಗೋಲಿ ಅಂತ ಇಟ್ಟುಕೊಂಡರೆ ನೀವು ಹೇಳಿದ್ದು ಸರಿ. ಪರಮಾಣುವಿನೊಳಗೆ ಅದು ಗೋಲಿಯಂತೆ ಸುತ್ತುವುದಿಲ್ಲ. ಇಡೀ ಪರಮಾಣುವಿನ ತುಂಬ ಅಲೆಯಾಗಿ ಹರಡಿರುತ್ತದೆ. ಈಗ ಇಲ್ಲಿ, ಆಮೇಲೆ ಅಲ್ಲಿ ಅಂತಲ್ಲ. ಒಟ್ಟಿಗೇ ಎಲ್ಲ ಕಡೆ.
ನ್ಯೂಕ್ಲಿಯಸ್ ಅದನ್ನು ಒಳಗೆ ಎಳೆಯುತ್ತದೆ. ಆದರೆ ಎಲೆಕ್ಟ್ರಾನನ್ನು ಚಿಕ್ಕ ಜಾಗಕ್ಕೆ ಒತ್ತಿದಷ್ಟೂ ಅದರ ಶಕ್ತಿ ಏರುತ್ತದೆ, ಅದು ತಿರುಗಿ ಹೊರಗೆ ಒತ್ತುತ್ತದೆ. ಎಳೆತವೂ ಒತ್ತಡವೂ ಸಮವಾಗುವ ಜಾಗವೇ 53 ಪಿಕೊಮೀಟರ್. ಪರಮಾಣುವಿಗೆ ಆ ಗಾತ್ರ ಬಂದದ್ದೇ ಎಲೆಕ್ಟ್ರಾನಿನಿಂದ. ಗಾತ್ರ ಕೊಟ್ಟವನನ್ನೇ ಬಿಟ್ಟು, ಒಳಗೆ ಏನೂ ಇಲ್ಲ ಅಂದರೆ ಹೇಗೆ?
ಕುರ್ಚಿ ನಿಮ್ಮನ್ನು ಹೊತ್ತಿರುವುದೂ ಇದರಿಂದಲೇ. ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್ ಇರಲಾರವು ಅಂತ 1925ರಲ್ಲಿ ಭೌತವಿಜ್ಞಾನಿ ಪೌಲಿ ಹೇಳಿದರು. ಹಾಗಾಗಿ ಕುರ್ಚಿಯ ಎಲೆಕ್ಟ್ರಾನ್ ಇರುವಲ್ಲಿ ನಿಮ್ಮ ಎಲೆಕ್ಟ್ರಾನ್ ನುಗ್ಗಲಾರದು. ಅಷ್ಟರಿಂದಲೇ ಇಷ್ಟೆಲ್ಲ ವಸ್ತುಗಳು ಕುಸಿಯದೆ ನಿಲ್ಲುತ್ತವೆ ಅಂತ ಗಣಿತದಲ್ಲಿ ಸಾಧಿಸಿ ತೋರಿಸಿದ್ದು 1967ರಲ್ಲಿ, ಡೈಸನ್ ಮತ್ತು ಲೆನಾರ್ಡ್. ನಮ್ಮ ಕಾಲ ಕೆಳಗಿನ ನೆಲ ಯಾಕೆ ಗಟ್ಟಿ ಅನ್ನುವುದನ್ನು ಸಾಧಿಸಲು ಅಷ್ಟು ವರ್ಷ ಹಿಡಿಯಿತು. ನನಗೆ ಅದ್ಭುತ ಅನ್ನಿಸುವುದು ಇದು.

ಅನನ್ಯಾ, 12:10
ಅಕ್ಕ, ಹರಡಿದೆ ಅಂದರೆ ಪರಮಾಣುವಿಗೆ ಅಂಚು ಎಲ್ಲಿ? 53 ಅಂತ ಹೇಗೆ ಹೇಳುತ್ತಾರೆ?

ಸುಮಾ, 12:21
ಗಟ್ಟಿ ಅಂಚು ಇಲ್ಲ ಪುಟ್ಟಿ. ಹೊರಗೆ ಹೋದಂತೆ ತೆಳುವಾಗುತ್ತಾ ಹೋಗುತ್ತದೆ. 53 ಅನ್ನುವುದು ಎಲೆಕ್ಟ್ರಾನ್ ಸಿಗುವ ಸಾಧ್ಯತೆ ಅತಿ ಹೆಚ್ಚು ಇರುವ ದೂರ. ಚಿನ್ನಕ್ಕೆ 144 ಅಂದದ್ದು ಬೇರೆ ಲೆಕ್ಕ. ಅಕ್ಕಪಕ್ಕದ ಎರಡು ನ್ಯೂಕ್ಲಿಯಸ್‌ಗಳ ನಡುವಿನ ದೂರದಲ್ಲಿ ಅರ್ಧ. ಇಷ್ಟು ಚಿಕ್ಕ ಕಡೆ ಗಾತ್ರ ಹೇಳುವಾಗ ಹೇಗೆ ಅಳೆದರು ಅಂತಲೂ ಹೇಳಬೇಕು.

ಶ್ರೀನಿವಾಸ ದೊಡ್ಡಪ್ಪ, 12:40
ವಿಜ್ಞಾನಿಗಳಿಗೇ ಒಮ್ಮತ ಇಲ್ಲ. ಪ್ರೋಟಾನ್ ಗಾತ್ರವನ್ನೇ ಬದಲಾಯಿಸಿದರಲ್ಲ, ಪತ್ರಿಕೆಯಲ್ಲಿ ಬಂದಿತ್ತು.

ಸುಮಾ, 12:58
ಬಂದಿತ್ತು. ಮೊದಲು 0.88 ಅಂತಿತ್ತು. 2010ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯಲ್ಲಿ ಎಲೆಕ್ಟ್ರಾನ್ ಬದಲು ಮ್ಯುವಾನ್ ಇಟ್ಟು ಅಳೆದರು. ಮ್ಯುವಾನ್ ಎಲೆಕ್ಟ್ರಾನಿನಂಥದ್ದೇ ಕಣ, ಆದರೆ ಅದಕ್ಕಿಂತ ಸುಮಾರು 207 ಪಟ್ಟು ಭಾರ, ಹಾಗಾಗಿ ಪ್ರೋಟಾನ್‌ಗೆ ತುಂಬಾ ಹತ್ತಿರ ಇರುತ್ತದೆ, ಅದರ ಗಾತ್ರ ಚೆನ್ನಾಗಿ ಗೊತ್ತಾಗುತ್ತದೆ. 0.84 ಬಂತು. ಶೇಕಡ 4ರ ವ್ಯತ್ಯಾಸ. ಅಷ್ಟಕ್ಕೇ ಪ್ರಪಂಚದ ಎಷ್ಟೋ ಪ್ರಯೋಗಾಲಯಗಳು ವರ್ಷಗಟ್ಟಲೆ ಮತ್ತೆ ಮತ್ತೆ ಅಳೆದವು. 2018ರ ಅಧಿಕೃತ ಪಟ್ಟಿಯಲ್ಲಿ 0.84 ನಿಂತಿತು. ಅವರು ಶೇಕಡ 4ಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವಾಗ ನಾವು ಸಾಸಿವೆಯ ಜಾಗದಲ್ಲಿ ನಿಂಬೆಹಣ್ಣು ಇಟ್ಟು ಹತ್ತು ಜನಕ್ಕೆ ಕಳಿಸಬಾರದು ದೊಡ್ಡಪ್ಪ.

ನಾಗರತ್ನ ದೊಡ್ಡಮ್ಮ, 1:10
ಊಟಕ್ಕೆ ಕರೆದು ಅರ್ಧ ಗಂಟೆಯಾಯಿತು. ಸುಮಾ, ಇವರನ್ನು ಬಿಡಮ್ಮ.

ಶ್ರೀನಿವಾಸ ದೊಡ್ಡಪ್ಪ, 2:35
ಊಟ ಆಯಿತು. ಎರಡು ಸಲ ಓದಿದೆ. ಸಾಸಿವೆ ಒಪ್ಪಿದೆ, ಎಲೆಕ್ಟ್ರಾನ್ ಸಾಲೂ ಬೇಡ. ಆದರೆ ಗುಂಬಜ್ ಬಿಡುವುದಿಲ್ಲ. ಅದಿಲ್ಲದಿದ್ದರೆ 63,000 ಅನ್ನುವುದು ಬರೀ ಸಂಖ್ಯೆ. ನನ್ನ ವಾಕಿಂಗ್ ಗೆಳೆಯರಿಗೆ ಬೆಳಗ್ಗೆಯೇ ಕಳಿಸಿಬಿಟ್ಟಿದ್ದೇನೆ. ಸರಿ ಮಾಡಿ ಕೊಡು, ಮತ್ತೆ ಕಳಿಸುತ್ತೇನೆ.

ಸುಮಾ, 2:50
ಗುಂಬಜ್ ಇರಲಿ ದೊಡ್ಡಪ್ಪ, ಅದು ನನಗೂ ಇಷ್ಟ. ಹೀಗೆ ಕಳಿಸಿ:
"ಚಿನ್ನದ ಪರಮಾಣುವನ್ನು ಗೋಲಗುಂಬಜ್‌ನ ಗುಮ್ಮಟದಷ್ಟು ದೊಡ್ಡದು ಮಾಡಿದರೆ ಅದರ ನ್ಯೂಕ್ಲಿಯಸ್ ನಡುವೆ ಒಂದು ಸಾಸಿವೆ ಕಾಳು. ತೂಕ ಬಹುತೇಕ ಆ ಕಾಳಿನಲ್ಲೇ. ಉಳಿದ ಜಾಗದ ತುಂಬ 79 ಎಲೆಕ್ಟ್ರಾನ್‌ಗಳು ಹರಡಿವೆ. ಚಿನ್ನ ಹೊಳೆಯುವುದು, ಕುರ್ಚಿ ನಿಮ್ಮನ್ನು ಹೊರುವುದು ಅವುಗಳಿಂದ."

ಶ್ರೀನಿವಾಸ ದೊಡ್ಡಪ್ಪ, 2:58
ಇದಕ್ಕೆ ವಿಜಯಾಳ ಹಸಿರು ಬಲ್ಬಿನ ಫೋಟೋ ಸೇರಿಸಲಾ?

ವಿಜಯಾ ಅತ್ತೆ, 3:01
ಸೇರಿಸು ಅಣ್ಣ. ಹಿಂದೆ ಅರ್ಧ ಬಣ್ಣ ಹಚ್ಚಿದ ಚಿತ್ರ ಕಾಣುತ್ತಿದೆ, ಅದನ್ನು ಮಾತ್ರ ಕತ್ತರಿಸಿ ಹಾಕು.